ಕೊನಾಕ್ಟಿಯ ನೆರಳಲ್ಲಿ ಬಾಸ್ ಬೇಟೆ

ಜುಲೈ ತಿಂಗಳ ನಸುಕು. ಕೊನಾಕ್ಟಿ ಬೆಟ್ಟ ಇನ್ನೂ ಕಪ್ಪಗಿದೆ. ಅದರ ಬುಡಕ್ಕೆ ಹೊಂದಿಕೊಂಡ ಕ್ಲಿಯರ್ ಲೇಕ್‌ನಲ್ಲಿ ಒಂದು ಅಲೆಯೂ ಇಲ್ಲ. ಪೂರ್ತಿ ಕ್ಯಾಲಿಫೋರ್ನಿಯಾದೊಳಗೇ ಇರುವ ಸಹಜ ಸಿಹಿನೀರಿನ ಸರೋವರಗಳಲ್ಲಿ ಇದೇ ದೊಡ್ಡದು. ಜೊಂಡಿನ ಅಂಚಿನಲ್ಲಿ ಗ್ರೀಬ್ ಹಕ್ಕಿಗಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ತೇಲುತ್ತಿವೆ. ಬಿಸಿಲೇರಿದರೆ ಇಲ್ಲಿ ನಿಲ್ಲಲಾಗದ ಸೆಕೆ. ಅದಕ್ಕೇ ಬಾಸ್ ಮೀನು ಹಿಡಿಯುವ ಗಾಳದವರ ದೋಣಿಗಳು ಕತ್ತಲಲ್ಲೇ ನೀರಿಗಿಳಿದಿವೆ.

ಒಬ್ಬನ ಗಾಳದ ತುದಿಯಲ್ಲಿ ಅಂಗೈಯಷ್ಟು ಅಗಲದ ಮೀನೊಂದು ನೇತಾಡುತ್ತಿದೆ. ಚಪ್ಪಟೆ ಮೈ, ಎದೆಗೆ ಕಿತ್ತಳೆ ಬಣ್ಣ, ಕಿವಿರಿನ ಹಿಂದೆ ಕಪ್ಪು ಮಚ್ಚೆ. ಮುಟ್ಟಿದರೆ ಮೆತ್ತನೆಯ ಪ್ಲಾಸ್ಟಿಕ್! ಬ್ಲೂಗಿಲ್ ಮೀನನ್ನೇ ಹೋಲುವ ಸ್ವಿಮ್‌ಬೇಟ್ ಅದು. ಇಂಥ ದೊಡ್ಡ ಹುಸಿಮೀನುಗಳ ಗೀಳು ಬೆಳೆದದ್ದು ಇದೇ ರಾಜ್ಯದ ದಕ್ಷಿಣದಲ್ಲಿ. ಅಲ್ಲಿನ ಜಲಾಶಯಗಳಿಗೆ ಬಿಟ್ಟ ಟ್ರೌಟ್ ಮೀನುಗಳನ್ನು ನುಂಗಿ ಬಾಸ್ ದೈತ್ಯವಾಗಿ ಕೊಬ್ಬತೊಡಗಿದಾಗ, ಗಾಳದವರು ಟ್ರೌಟಿನಷ್ಟೇ ಉದ್ದದ ಹುಸಿಮೀನು ಕಡೆದರು. ಆದರೆ ಬೇಸಿಗೆಯ ಬೆಚ್ಚನೆ ನೀರಿನಲ್ಲಿ ಟ್ರೌಟ್ ವೇಷ ನಡೆಯದು. ಈಗ ಬ್ಲೂಗಿಲ್‌ಗಳ ಕಾಲ. ದಡದ ಆಳವಿಲ್ಲದ ನೀರಿನಲ್ಲಿ, ತಳದ ಮಣ್ಣು ಕೆದರಿ, ತಟ್ಟೆಗಳನ್ನು ಜೋಡಿಸಿಟ್ಟಂತೆ ಒತ್ತೊತ್ತಾಗಿ ಗೂಡು ಮಾಡಿ ಅವು ಮೊಟ್ಟೆಯಿಡುತ್ತವೆ. ಬಾಸ್ ಅಲ್ಲೇ ಹೊಂಚು ಹಾಕುತ್ತದೆ.

ಸೂರ್ಯ ಮೇಲೇರಿದ. ಬಾಸ್‌ಗಳೆಲ್ಲ ದೋಣಿಕಟ್ಟೆಗಳ ಅಡಿಗೆ, ಜೊಂಡಿನ ಬುಡಕ್ಕೆ ಸರಿದವು. ಹುಸಿಮೀನು ಕಟ್ಟಿದ್ದ ಗಾಳದವ ಕಟ್ಟೆಯ ಕಂಬಕ್ಕಿಂತ ಆಚೆಗೆ ಗಾಳ ಬೀಸಿದ, ನೆತ್ತಿಯ ಮೇಲೆ ಬಿದ್ದರೆ ಮೀನು ಬೆದರುತ್ತದಲ್ಲ. ಹುಸಿಮೀನು ಮುಳುಗಲು ಬಿಟ್ಟು ರೀಲು ಸುತ್ತತೊಡಗಿದ, ನೋಡುವವರ ತಾಳ್ಮೆ ಕೆಡುವಷ್ಟು ನಿಧಾನವಾಗಿ. ಬೇಸಿಗೆಯಲ್ಲಿ ಮೀನು ಚುರುಕು, ಗಾಳವೂ ಚುರುಕಾಗಿರಲಿ ಎನ್ನುವವರಿದ್ದಾರೆ. ದೊಡ್ಡ ಸ್ವಿಮ್‌ಬೇಟ್‌ಗೆ ಆ ಮಾತು ಒಪ್ಪುವುದಿಲ್ಲ ಎಂದೇ ನನ್ನ ನಂಬಿಕೆ. ಬಾಲ ಮೆಲ್ಲಗೆ ಬಳುಕಿದರೂ ನೀರು ಕದಲುತ್ತದೆ. ಆ ಕಂಪನವನ್ನು ಬಾಸ್ ತನ್ನ ಪಕ್ಕೆಯುದ್ದಕ್ಕೂ ಇರುವ ಸಂವೇದನಾ ರೇಖೆಯಿಂದಲೇ ಗ್ರಹಿಸುತ್ತದೆ. ನೆರಳಿನ ಗೆರೆ ದಾಟುವಲ್ಲಿ ಆತ ಅರೆಗಳಿಗೆ ಕೈ ತಡೆದ. ಹುಸಿಮೀನು ಓರೆಯಾಗಿ ಜಾರಿತು.

ದಾರ ಪಕ್ಕಕ್ಕೆ ಸರಿಯಿತು. ಆತ ಕೂಡಲೇ ಜಗ್ಗಲಿಲ್ಲ. ಬಾಸ್ ಬಾಯಿ ಅಗಲಿಸಿ ನೀರಿನೊಂದಿಗೇ ಬೇಟೆಯನ್ನು ಒಳಗೆಳೆದುಕೊಳ್ಳುತ್ತದೆ. ಮೊದಲ ತಟ್ಟಿಗೇ ಎಳೆದರೆ ಕೊಕ್ಕೆ ಬರಿದಾಗಿ ಬರುತ್ತದೆ. ದಾರದಲ್ಲಿ ಭಾರ ಕುಳಿತ ಮೇಲೆ ಕೋಲೆತ್ತಿದ. ನೀರು ಸಿಡಿಯಿತು. ಹಸಿರು ಬೆನ್ನು, ಪಕ್ಕೆಗೆ ಕಪ್ಪು ಪಟ್ಟೆ, ಮುಷ್ಟಿ ಹಿಡಿಸುವಂಥ ಬಾಯಿ! ಜೊಂಡಿನತ್ತ ನುಗ್ಗಿದ ಅದನ್ನು ದಪ್ಪ ದಾರ ತಡೆದು ನಿಲ್ಲಿಸಿತು.

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿದ ಮೀನು ಬೇಗ ಬಸವಳಿಯುತ್ತದೆ. ತೆಳು ದಾರ ಕಟ್ಟಿ ಬಹಳ ಹೊತ್ತು ಆಡಿಸುವುದನ್ನು ಶೌರ್ಯವೆಂದು ನಾನು ಒಪ್ಪಲಾರೆ. ಬೇಸಿಗೆಯಲ್ಲಿ ಬಾಸ್ ಹಿಡಿಯಲು ಹೊರಟವರು ದಯವಿಟ್ಟು ಗಟ್ಟಿ ದಾರ ಕಟ್ಟಿ, ಬೇಗ ದಡಕ್ಕೆಳೆಯಿರಿ. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಗೆ ಆಸರೆ ಕೊಟ್ಟು ಹಿಡಿಯಿರಿ. ಫೋಟೋ ಬೇಕಿದ್ದರೆ ಒಂದೇ ತೆಗೆದು, ತಕ್ಷಣ ನೀರಿಗೆ ಬಿಡಿ.