ಬಾಲ ಮುಂದಕ್ಕೆ ಬಂದ ಕತೆ

ಭದ್ರಾವತಿಯ ಎಂಪಿಎಂ ಕಾರ್ಖಾನೆಯಲ್ಲಿ ಕಬ್ಬು ನುರಿಸುತ್ತಿದ್ದ ಕಾಲ. ಶಿವಮೊಗ್ಗದಿಂದ ಹೊರಟ ಬಸ್ಸು ಬಿ.ಎಚ್. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು, ಆಮೆ ನಡಿಗೆ. ಟ್ರ್ಯಾಕ್ಟರಿಗೆ ಕೊಂಡಿ ಹಾಕಿದ ಆ ಗಾಡಿಗೆ ಪುಸ್ತಕದಲ್ಲಿ ಟ್ರೇಲರ್, ರೈತರ ಬಾಯಲ್ಲಿ ‘ಟೇಲರ್’. ಶಿವಮೊಗ್ಗದ ಲಕ್ಷ್ಮಿ ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ತೋರಿಸುತ್ತಿದ್ದ, ಮುಂದೆ ಬರಲಿರುವ ಚಿತ್ರದ ತುಣುಕಿಗೂ ಅದೇ ಹೆಸರು. ಒಂದು ಹಿಂದೆ ಬರುವುದು, ಇನ್ನೊಂದು ಮುಂದೆ ಬರುವುದು. ಎರಡಕ್ಕೂ ಒಂದೇ ಹೆಸರು ಹೇಗೆ ಅಂಟಿತು? ನನ್ನ ತಲೆಯಲ್ಲಿ ಬಹಳ ವರ್ಷ ಕೊರೆದ ಪ್ರಶ್ನೆ ಇದು.

ಉತ್ತರ ಸಿಕ್ಕಿದ್ದು 1913ರ ನ್ಯೂಯಾರ್ಕಿನಲ್ಲಿ. ಅಲ್ಲಿ ಮಾರ್ಕಸ್ ಲೋ ಎಂಬವರ ಚಿತ್ರಮಂದಿರಗಳಿಗೆ ನಿಲ್ಸ್ ಗ್ರಾನ್‌ಲಂಡ್ ಎಂಬಾತ ಪ್ರಚಾರದ ಮೇಲ್ವಿಚಾರಕ. ‘ದಿ ಪ್ಲೆಶರ್ ಸೀಕರ್ಸ್’ ಎಂಬ ಸಂಗೀತ ನಾಟಕ ಬ್ರಾಡ್‌ವೇಯಲ್ಲಿ ಶುರುವಾಗುವುದಿತ್ತು. ಆತ ಅದರ ತಾಲೀಮಿನ ದೃಶ್ಯಗಳನ್ನು ಚಿತ್ರೀಕರಿಸಿ, ಸಿನಿಮಾ ಮುಗಿದ ಮೇಲೆ ತೋರಿಸಿದ. ಗಾಡಿಯ ಹಾಗೆ ಹಿಂದೆ ಬಂತು, ಅದಕ್ಕೇ ಟ್ರೇಲರ್. ಅಂದರೆ ಮೊದಲ ಟ್ರೇಲರುಗಳಲ್ಲಿ ಒಂದು ಸಿನಿಮಾದ್ದೇ ಅಲ್ಲ, ನಾಟಕದ್ದು!

ಅದೇ ವರ್ಷದ ಕೊನೆಗೆ ಷಿಕಾಗೋದ ಸೆಲಿಗ್ ಕಂಪನಿ ‘ದಿ ಅಡ್ವೆಂಚರ್ಸ್ ಆಫ್ ಕ್ಯಾಥ್ಲಿನ್’ ಎಂಬ ಧಾರಾವಾಹಿ ಚಿತ್ರವನ್ನು ಕಂತು ಕಂತಾಗಿ ಬಿಡತೊಡಗಿತು. ನಾಯಕಿ ಸಿಂಹಗಳ ನಡುವೆ ಸಿಕ್ಕಿಬಿದ್ದಾಗ ಕಂತು ಮುಗಿಯುವುದು, ಆಮೇಲೆ ಅವಳು ಪಾರಾದಳೇ ಎಂದು ಮುಂದಿನ ವಾರ ಬಂದು ನೋಡಿ ಎನ್ನುವ ತುಣುಕೊಂದು ಬಾಲದಂತೆ ಬರುವುದು. ಇದನ್ನು 1966ರಲ್ಲಿ ಪ್ಯಾರಾಮೌಂಟಿನ ಲೂ ಹ್ಯಾರಿಸ್ ನೆನಪಿಸಿಕೊಂಡರು, ಆದರೆ ಇಸವಿ ಮಾತ್ರ 1912 ಎಂದರು. ಚಿತ್ರವೇ ಬಿಡುಗಡೆಯಾದದ್ದು 1913ರ ಡಿಸೆಂಬರಿನಲ್ಲಿ! ಅರ್ಧ ಶತಮಾನದ ಹಿಂದಿನ ಮಾತು, ವರ್ಷ ತಪ್ಪಿರಬೇಕು. ಮೊದಲಿಗ ಯಾರೆಂದರೆ ಗ್ರಾನ್‌ಲಂಡನ ಕಡೆಗೇ ನಾನು ವಾಲುತ್ತೇನೆ. ಕುತೂಹಲದ ತುದಿಯಲ್ಲಿ ಕತೆ ನಿಲ್ಲಿಸಿ ಜನರನ್ನು ನಾಳೆಗೂ ಬರಿಸುವ ಉಪಾಯವೇನೋ ನಮ್ಮ ಹರಿಕತೆ ದಾಸರಿಗೆ ಹೊಸದಲ್ಲ ಬಿಡಿ.

ಹಾಗಾದರೆ ಬಾಲ ತಲೆಯ ಕಡೆಗೆ ಬಂದದ್ದು ಯಾಕೆ? ನಮ್ಮ ಟಾಕೀಸುಗಳಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ. ಕೊನೆಯ ಹೊಡೆದಾಟ ಮುಗಿದು ಅಮ್ಮ-ಮಗ ಒಂದಾಗುವಷ್ಟರಲ್ಲಿ ಅರ್ಧ ಜನ ಬಾಗಿಲಲ್ಲಿ, ಸೈಕಲ್ ಸ್ಟ್ಯಾಂಡಿನ ಚೀಟಿ ಕೈಯಲ್ಲಿ. ಅಮೆರಿಕದವರೂ ಅಷ್ಟೆ, ಸಿನಿಮಾ ಮುಗಿದರೆ ಎದ್ದು ನಡೆದರು. ಖಾಲಿ ಕುರ್ಚಿಗಳಿಗೆ ಪ್ರಚಾರ ಮಾಡಿ ಏನು ಬಂತು? ತುಣುಕು ಮುಂದಕ್ಕೆ ಹೋಯಿತು, ಹೆಸರು ಮಾತ್ರ ಹಿಂದೆಯೇ ಉಳಿಯಿತು. 1919ರಲ್ಲಿ ಹುಟ್ಟಿದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಟ್ರೇಲರ್ ತಯಾರಿಕೆಯನ್ನೇ ಕಸುಬಾಗಿಸಿಕೊಂಡಿತು.

ರೀಲಿನ ಕಾಲದಲ್ಲಿ ನಿಮಿಷಕ್ಕೆ 90 ಅಡಿ ಫಿಲ್ಮ್ ಓಡುತ್ತಿತ್ತು. ಎರಡೂವರೆ ನಿಮಿಷದ ಟ್ರೇಲರ್ ಎಂದರೆ 225 ಅಡಿ. ಆಪರೇಟರ್ ಅದನ್ನು ರೀಲಿಗೆ ಅಂಟಿಸಿ ಓಡಿಸಬೇಕಿತ್ತು. ಈಗ ಕೊಂಡಿಯೂ ಕಳಚಿದೆ. ‘ಕೆಜಿಎಫ್ 2’ರ ಟ್ರೇಲರ್ 2022ರ ಮಾರ್ಚ್ 27ಕ್ಕೆ ಬಂತು, ಸಿನಿಮಾ ಏಪ್ರಿಲ್ 14ಕ್ಕೆ. ಹದಿನೆಂಟು ದಿನ ಜನ ಅದನ್ನು ಮೊಬೈಲಿನಲ್ಲೇ ನೋಡಿದರು. ಅದಕ್ಕೂ ಮುಂಚೆ ಟೀಸರ್ ಬಂದಿತ್ತು. ಟ್ರೇಲರ್ ಎಂಬ ಮಾತೂ ಥಿಯೇಟರಿನಿಂದಾಚೆ ನಡೆದಿದೆ: ಚುನಾವಣಾ ಭಾಷಣದಲ್ಲೂ ಬೀದಿ ಜಗಳದಲ್ಲೂ “ಇದು ಬರೀ ಟ್ರೇಲರ್, ಪಿಕ್ಚರ್ ಬಾಕಿ ಐತೆ” ಎಂಬ ಬೆದರಿಕೆ ಕೇಳುತ್ತೇವೆ.

ಈ ಕತೆಯನ್ನೆಲ್ಲ ಭದ್ರಾವತಿಯ ಕಡೆಯ ಟ್ರ್ಯಾಕ್ಟರ್ ಡ್ರೈವರ್ ಒಬ್ಬನಿಗೆ ಚಹಾ ಅಂಗಡಿಯಲ್ಲಿ ಹೇಳಿದೆ. ಹಿಂದಿನದು ಮುಂದೆ ಬಂದದ್ದು ಅವನಿಗೆ ಅಂಥ ಸೋಜಿಗವೇನೂ ಅನ್ನಿಸಲಿಲ್ಲ.

“ಅದರಲ್ಲೇನೈತೆ ಸಾರ್? ರಿವರ್ಸ್ ತಗಂಡ್ರೆ ಟೇಲರ್ರೇ ಮುಂದೆ.”