ಒಂದು ಮುಹೂರ್ತದ ವಿಶ್ರಾಂತಿ

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಶಾಲೆಯ ಗಂಟೆಗೆ ಹೊಂದಿಕೊಂಡು ಬದುಕಿದವನು ನಾನು. ನಿವೃತ್ತಿಯೊಂದಿಗೆ ಗಂಟೆ ನಿಂತಿತು, ಧಾವಂತ ನಿಲ್ಲಲಿಲ್ಲ. ಗಂಟೆಯ ಸ್ಥಾನಕ್ಕೆ ಮೊಬೈಲ್ ಬಂದಿತು. ಸಂಜೆ ಸಾಮಾಯಿಕಕ್ಕೆ ಕುಳಿತಾಗಲೂ ಹೊತ್ತು ನೋಡುವ ನೆಪದಲ್ಲಿ ಅದನ್ನು ಪಕ್ಕದಲ್ಲೇ ಇರಿಸಿಕೊಳ್ಳುತ್ತಿದ್ದೆ. ಒಂದು ದಿನ ಅದು ಸಣ್ಣಗೆ ಸದ್ದುಮಾಡಿತು. ಕಣ್ತೆರೆದು, ಬಂದ ಸಂದೇಶವನ್ನು ಓದಿ, ಮತ್ತೆ ಕಣ್ಮುಚ್ಚಿದೆ. ದೃಷ್ಟಿ ಮಂದವಾಗಿದ್ದ ತಾಯಿ ಸಮೀಪದಲ್ಲೇ ಜಪಮಾಲೆ ಹಿಡಿದು ಕುಳಿತಿದ್ದರು. ಸಾಮಾಯಿಕ ಮುಗಿದ ಮೇಲೆ ಕೇಳಿದರು: “ಯಾರು ಬಂದಿದ್ದರಪ್ಪ?”

“ಯಾರೂ ಬಂದಿರಲಿಲ್ಲಮ್ಮ” ಎಂದೆ.

“ಹಾಗಾದರೆ ನೀನು ಎಲ್ಲಿಗೆ ಹೋಗಿದ್ದೆ?”

ನನ್ನಲ್ಲಿ ಉತ್ತರವಿರಲಿಲ್ಲ. ತಾಯಿ ಈಗಿಲ್ಲ, ಅವರ ಪ್ರಶ್ನೆ ಮಾತ್ರ ಉಳಿದಿದೆ.

ಶ್ರಾವಕನು ಪಾಲಿಸಬೇಕಾದ ವ್ರತಗಳಲ್ಲಿ ಸಾಮಾಯಿಕವೂ ಒಂದು. ವಾಡಿಕೆಯಲ್ಲಿ ಅದರ ಅವಧಿ ಒಂದು ಮುಹೂರ್ತ, ಎಂದರೆ 48 ನಿಮಿಷ. ಅಷ್ಟು ಹೊತ್ತು ವ್ಯವಹಾರದ ಚಿಂತೆಯನ್ನು ಬದಿಗಿರಿಸಿ, ಲಾಭ-ನಷ್ಟ, ಶತ್ರು-ಮಿತ್ರರೆಂಬ ಭೇದವಿಲ್ಲದೆ ಸಮಭಾವದಲ್ಲಿ ನೆಲೆಸಬೇಕು. ಆಚಾರ್ಯ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಮನಸ್ಸು, ಮಾತು, ಕಾಯಗಳು ದಾರಿತಪ್ಪುವುದು ಮೊದಲ ಮೂರು. ವ್ರತದಲ್ಲಿ ಆಸಕ್ತಿಯಿಲ್ಲದಿರುವ ‘ಅನಾದರ’ ನಾಲ್ಕನೆಯದು. ಐದನೆಯದು ‘ಸ್ಮೃತ್ಯನುಪಸ್ಥಾನ’, ಅಂದರೆ ಚಿತ್ತ ಒಂದೆಡೆ ನಿಲ್ಲದೆ, ಮಾಡುತ್ತಿರುವ ಕಾರ್ಯವೇ ಮರೆತುಹೋಗುವುದು. ಮೊಬೈಲಿನ ಕಲ್ಪನೆಯೂ ಇಲ್ಲದ ಕಾಲದಲ್ಲಿ ಆಚಾರ್ಯರು ನಮ್ಮ ರೋಗವನ್ನು ಗುರುತಿಸಿದ್ದರು. ಯಂತ್ರವನ್ನು ದೂರಿ ಫಲವೇನು? ಕರೆದಲ್ಲಿಗೆಲ್ಲ ಓಡುವ ಅಭ್ಯಾಸ ಮನಸ್ಸಿಗೆ ಮೊದಲಿನಿಂದಲೂ ಇತ್ತು.

ಕೆಲಸವಿಲ್ಲದೆ ಮಲಗುವುದನ್ನೇ ನಾವು ವಿಶ್ರಾಂತಿಯೆಂದು ಭಾವಿಸುತ್ತೇವೆ. ದೇಹ ಹಾಸಿಗೆಯಲ್ಲಿದ್ದರೂ ಮನಸ್ಸು ಸಂತೆಯಲ್ಲಿ ತಿರುಗುತ್ತಿದ್ದರೆ ದಣಿವು ಆರುವುದೆಂತು? ಜಿನಧರ್ಮವು ತೋರಿದ ವಿಶ್ರಾಂತಿಯ ಹೆಸರು ಕಾಯೋತ್ಸರ್ಗ. ಇಲ್ಲಿ ಬಿಡಬೇಕಾದುದು ಕಾಯದ ಮೇಲಿನ ಮಮತೆಯನ್ನು, ‘ನಾನು’, ‘ನನ್ನದು’ ಎಂಬ ಹಿಡಿತವನ್ನು.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಸುಮಾರು 58 ಅಡಿ ಎತ್ತರದಲ್ಲಿ ನಿಂತಿರುವ ಗೊಮ್ಮಟೇಶ್ವರನ ನಿಲುವು ಇದೇ. ಗಂಗರ ಮಂತ್ರಿ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ ಆ ವಿಗ್ರಹದ ತೋಳು ತೊಡೆಗಳಿಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಹುತ್ತ ಬೆಳೆದಿದೆ. ಬಾಹುಬಲಿಯು ಒಂದು ವರ್ಷ ಹೀಗೆ ಅಲುಗದೆ ನಿಂತರೂ ಕೇವಲಜ್ಞಾನ ಕೂಡಲೇ ಉದಯಿಸಲಿಲ್ಲ. ತನ್ನಿಂದ ಅಣ್ಣ ಭರತನಿಗೆ ನೋವಾಯಿತೆಂಬ ಸಣ್ಣದೊಂದು ಅಳಲು ಒಳಗೆ ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಆ ಮುಳ್ಳು ಕಳಚಿತು, ಜ್ಞಾನ ಬೆಳಗಿತು. ಬಳ್ಳಿ ಹಬ್ಬುವಷ್ಟು ಕಾಲ ನಿಶ್ಚಲನಾಗಿ ನಿಂತ ಮಹಾಪುರುಷನಿಗೂ ಒಳಗಿನ ಒಂದು ಎಳೆ ಸಡಿಲಬೇಕಾಗಿತ್ತು. ಹಾಗಿರುವಾಗ ಸಾವಿರ ಎಳೆಗಳಲ್ಲಿ ಸಿಲುಕಿದ ನಾವು ಒಂದೆರಡು ದಿನದ ಪ್ರಯತ್ನಕ್ಕೆ ನಿರಾಶರಾಗುವುದು ಸಲ್ಲದು.

48 ನಿಮಿಷ ದೀರ್ಘವೆನಿಸಿದರೆ ಕಿರಿದಾದ ಕಾಯೋತ್ಸರ್ಗದಿಂದ ಆರಂಭಿಸಬಹುದು. ಒಂದು ಣಮೋಕಾರ ಮಂತ್ರವನ್ನು ಮೂರು ಉಸಿರುಗಳಲ್ಲಿ ಸ್ಮರಿಸುತ್ತ ಒಂಬತ್ತು ಬಾರಿ ಜಪಿಸಿದರೆ 27 ಉಸಿರುಗಳಾಗುತ್ತವೆ. ಅಂಗಡಿಯ ಬಾಗಿಲು ತೆರೆಯುವ ಮುನ್ನ, ಅಡುಗೆಯ ಒಲೆ ಹಚ್ಚುವ ಮುನ್ನ, ಮಕ್ಕಳು ಪುಸ್ತಕ ತೆರೆಯುವ ಮುನ್ನ ಇಷ್ಟು ಬಿಡುವು ಯಾರಿಗೂ ಸಿಕ್ಕೀತು.

ಈಗ ಸಾಮಾಯಿಕದ ವೇಳೆ ನನ್ನ ಮೊಬೈಲ್ ಬೇರೆ ಕೋಣೆಯಲ್ಲಿರುತ್ತದೆ. ಮನಸ್ಸು ಮಾತ್ರ ಇನ್ನೂ ಎದ್ದು ಹೋಗುತ್ತಿರುತ್ತದೆ. ಹೋದುದು ಅರಿವಿಗೆ ಬಂದೊಡನೆ ಗದರಿಸದೆ ಮರಳಿ ಕರೆತರುತ್ತೇನೆ. ಶಾಲೆಯಲ್ಲಿ ಕಿಟಕಿಯಾಚೆ ನೋಡುತ್ತಿದ್ದ ಮಗುವನ್ನು ಪಾಠಕ್ಕೆ ಕರೆಯುತ್ತಿದ್ದುದೂ ಹೀಗೆಯೇ. ಕಣ್ತೆರೆದಾಗ ತಾಯಿಯ ಪ್ರಶ್ನೆ ನೆನಪಾಗುತ್ತದೆ. “ಇಲ್ಲೇ ಇದ್ದೆನಮ್ಮ” ಎಂದು ಪೂರ್ಣ ಸತ್ಯವಾಗಿ ಹೇಳಬಲ್ಲ ಒಂದು ಮುಹೂರ್ತ ಈ ಜನ್ಮದಲ್ಲಿ ದೊರೆತರೆ ಸಾಕು.