ಹಳೇ ಟ್ರಾನ್ಸ್‌ಮಿಟರ್ ‘ಗುಂಯ್’ ಅಂತಿದ್ಯಾ? ಬಿಚ್ಚೋ ಮೊದಲು ಕಿವಿ ಕೊಡಿ

ಇವತ್ತು ಒಂದು ಸದ್ದಿನ ಬಗ್ಗೆ ಮಾತಾಡೋಣ. ಹ್ಯಾಮ್ ರೇಡಿಯೋದಲ್ಲಿ ಯಾರೋ ಮಾತಾಡ್ತಿದ್ದಾರೆ, ಹಿಂದೆ ಒಂದೇ ಸಮನೆ ‘ಗುಂಯ್’. ಇದಕ್ಕೆ ಹಮ್ ಅಂತಾರೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಬಂದ ಹೀತ್‌ಕಿಟ್ ಡಿಎಕ್ಸ್-60 ಥರದ ವಾಲ್ವ್ ಸೆಟ್‌ಗಳಿಗೆ ವಯಸ್ಸಾದಾಗ ಬರೋ ಮಾಮೂಲಿ ಕಾಯಿಲೆ ಇದು.

ಕಾರಣ ಹುಡುಕೋಕೆ ಮೊದಲ ಸುಳಿವು ಆ ಸದ್ದಿನಲ್ಲೇ ಇದೆ. ನಮ್ಮ ಮನೆ ಕರೆಂಟ್ 50 ಹರ್ಟ್ಜ್, ಅಮೆರಿಕದಲ್ಲಿ 60. ವಾಲ್ವ್‌ಗೆ ಬೇಕಾದ ಹೈ ವೋಲ್ಟೇಜ್ ಡಿಸಿ ಮಾಡುವಾಗ ಫುಲ್‌ವೇವ್ ರೆಕ್ಟಿಫೈಯರ್ ಅಲೆಯ ಎರಡೂ ಅರ್ಧಗಳನ್ನು ಬಳಸುತ್ತೆ. ಹಾಗಾಗಿ ಏರಿಳಿತ ದುಪ್ಪಟ್ಟು, ಅಂದ್ರೆ 100 ಹರ್ಟ್ಜ್. ಅದನ್ನು ಸಮ ಮಾಡೋದು ಫಿಲ್ಟರ್ ಕೆಪಾಸಿಟರ್. ವರ್ಷಗಳು ಕಳೆದಂತೆ ಅದರ ಒಳಗಿನ ದ್ರವ ಒಣಗುತ್ತೆ, ಏರಿಳಿತ ಹಾಗೇ ಸಿಗ್ನಲ್‌ಗೆ ಸೇರುತ್ತೆ.

ರಿಸೀವರ್‌ನಲ್ಲಿ ಕೇಳಿದ್ದನ್ನು ರೆಕಾರ್ಡ್ ಮಾಡಿ, ಫೋನಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ನೋಡಿ. 100, 200, 300ರಲ್ಲಿ ಮಾತ್ರ ಗೆರೆ ಇದ್ದರೆ ಅನುಮಾನ ಕೆಪಾಸಿಟರ್ ಮೇಲೆ. 50, 150 ಕೂಡ ಕಂಡರೆ ಮೈಕ್ ವೈರಿನ ಶೀಲ್ಡ್ ಕಿತ್ತಿರಬಹುದು, ಗ್ರೌಂಡ್ ಸರಿ ಇಲ್ಲದಿರಬಹುದು, ಅಥವಾ ವಾಲ್ವ್ ಒಳಗೆ ಹೀಟರ್‌ನಿಂದ ಕ್ಯಾಥೋಡ್‌ಗೆ ಕರೆಂಟ್ ಸೋರ್ತಿರಬಹುದು.

ಎರಡನೇ ಪರೀಕ್ಷೆ ಇನ್ನೂ ಸುಲಭ. ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿ, ಮೈಕ್ ಗೇನ್ ಸೊನ್ನೆಗೆ ಇಳಿಸಿ. ಹಮ್ ನಿಂತರೆ ತೊಂದರೆ ಗೇನ್ ಕಂಟ್ರೋಲ್‌ಗಿಂತ ಮುಂಚೆ: ಮೈಕ್, ವೈರ್ ಅಥವಾ ಆಡಿಯೋದ ಮೊದಲ ವಾಲ್ವ್. ನಿಲ್ಲದಿದ್ದರೆ ಪವರ್ ಸಪ್ಲೈ ಕಡೆ ನೋಡಿ. ಬೇರೆ ರಿಸೀವರ್‌ನಲ್ಲೂ ಒಮ್ಮೆ ಕೇಳಿ. ಪಕ್ಕದಲ್ಲೇ ಇರೋ ರಿಸೀವರ್ ಓವರ್‌ಲೋಡ್ ಆಗಿ ಸುಳ್ಳು ಹೇಳುತ್ತೆ.

ಈಗ ಜೀವದ ಮಾತು. ಈ ಸೆಟ್‌ಗಳ ಒಳಗೆ 600 ವೋಲ್ಟ್ ಆಸುಪಾಸು ಇರುತ್ತೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿಯುತ್ತೆ. ಅದನ್ನು ಇಳಿಸೋಕೆ ಇಟ್ಟಿರೋ ಬ್ಲೀಡರ್ ರೆಸಿಸ್ಟರ್ ಸುಟ್ಟಿದ್ದರಂತೂ ತುಂಬಾ ಹೊತ್ತು. ಇನ್ಸುಲೇಶನ್ ಇರೋ ಹಿಡಿಗೆ ರೆಸಿಸ್ಟರ್ ಕಟ್ಟಿ ಚಾರ್ಜ್ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ಬಂದ ಮೇಲೇ ಕೈ ಹಾಕಿ. ಒಬ್ಬರೇ ಇದ್ದಾಗ ಈ ಕೆಲಸ ಬೇಡವೇ ಬೇಡ. ಮೊದಲ ಸಲ ಆದರೆ ಅನುಭವ ಇರೋ ಹ್ಯಾಮ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹೊಸ ಕೆಪಾಸಿಟರ್ ಹಾಕುವಾಗ ವೋಲ್ಟೇಜ್ ರೇಟಿಂಗ್ ಹಳೆಯದಕ್ಕಿಂತ ಕಡಿಮೆ ಇರಬಾರದು, ಪ್ಲಸ್-ಮೈನಸ್ ಅದಲು ಬದಲಾಗಬಾರದು. ‘ದೊಡ್ಡದಿದ್ದರೆ ಒಳ್ಳೇದು’ ಅಂತ ಮೈಕ್ರೋಫ್ಯಾರಡ್ ಸಿಕ್ಕಾಪಟ್ಟೆ ಏರಿಸಿದರೆ ರೆಕ್ಟಿಫೈಯರ್ ವಾಲ್ವ್‌ಗೇ ಹೊಡೆತ.

ನಿಮ್ಮ ಸೆಟ್‌ನಲ್ಲಿ 50 ಕಾಣ್ತೋ, 100 ಕಾಣ್ತೋ? ನಮಗೆ ಬರೆದು ತಿಳಿಸಿ.